ಕೈಯೋ ಪಂಪೋ, ಫ್ರಿಜ್ಜೋ ಫ್ರೀಜರ್ರೋ: ಎಳೆಗೂಸಿಗೆ ಎದೆಹಾಲು ತೆಗೆದಿಡುವ ಮುನ್ನ

ಸೀಮಂತ ಮುಗಿಯುವ ಹೊತ್ತಿಗೆ ತಯಾರಾಗುವ ಸಾಮಾನಿನ ಪಟ್ಟಿಯಲ್ಲಿ ಈಗ ಕುಲಾವಿ, ಟೋಪಿ, ಡೈಪರ್‌ಗಳ ಜೊತೆ ಬ್ರೆಸ್ಟ್ ಪಂಪೂ ಸೇರಿಕೊಂಡಿದೆ. ಯಾವ ಕಂಪನಿಯದ್ದು, ಎಷ್ಟು ಸಾವಿರದ್ದು ಎಂಬ ಚರ್ಚೆ ಹೆರಿಗೆಗೆ ಮೊದಲೇ ಶುರುವಾಗುತ್ತದೆ. ನನ್ನ ಮಾತು ಕೇಳುವುದಾದರೆ ಸದ್ಯಕ್ಕೆ ಪಂಪನ್ನು ಆ ಪಟ್ಟಿಯಿಂದ ಹೊಡೆದುಹಾಕಿ. ಮಗು ಹುಟ್ಟಲಿ. ಅದು ನಿಮ್ಮ ಮಗ್ಗುಲಲ್ಲಿದೆಯೋ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿದೆಯೋ, ಸರಿಯಾಗಿ ಚೀಪುತ್ತಿದೆಯೋ ಇಲ್ಲವೋ, ನೀವು ಎಷ್ಟು ತಿಂಗಳಿಗೆ ಕೆಲಸಕ್ಕೆ ಮರಳಬೇಕು ಎಂಬುದೆಲ್ಲ ಗೊತ್ತಾದ ಮೇಲೆ ಕೊಂಡರೂ ತಡವೇನಾಗುವುದಿಲ್ಲ. ಇವತ್ತು ಆರ್ಡರ್ ಮಾಡಿದರೆ ಎರಡು ದಿನದಲ್ಲಿ ಮನೆಗೇ ಬರುತ್ತದೆ.

ಯಾಕೆಂದರೆ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಇರುವುದು ಪಂಪಿನಲ್ಲಲ್ಲ, ನೀವು ಹಾಲು ತೆಗೆಯುತ್ತಿರುವ ಕಾರಣದಲ್ಲಿ. ತಿಂಗಳು ತುಂಬಿ ಹುಟ್ಟಿ, ಅಮ್ಮನ ಪಕ್ಕದಲ್ಲೇ ಮಲಗಿ, ದಿನಕ್ಕೆ ಎಂಟು–ಹತ್ತು ಸಲ ಎದೆಗೆ ಬರುವ ಮಗುವಿಗೆ ಮೊದಲ ತಿಂಗಳಲ್ಲಿ ಹಾಲು ತೆಗೆದಿಡುವ ಅಗತ್ಯ ಸಾಮಾನ್ಯವಾಗಿ ಬೀಳುವುದೇ ಇಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಫ್ರೀಜರ್ ತುಂಬ ಹಾಲಿನ ಪ್ಯಾಕೆಟ್ ಜೋಡಿಸಿ ತೋರಿಸುವವರನ್ನು ನೋಡಿ ಬಾಣಂತಿಯರು ಗಾಬರಿಯಾಗುತ್ತಾರೆ. ಪ್ರತಿ ಸಲ ಹಾಲೂಡಿಸಿದ ಮೇಲೆ ಮತ್ತೆ ಪಂಪ್ ಹಾಕಿದರೆ, ಇನ್ನೊಂದು ಮಗುವಿಗೂ ಹಾಲು ಬೇಕೇನೋ ಎಂದು ದೇಹ ತಿಳಿದುಕೊಂಡು ಹೆಚ್ಚು ಮಾಡುತ್ತದೆ. ಆಮೇಲೆ ಎದೆ ಕಟ್ಟಿಕೊಳ್ಳುವುದು, ಗಂಟಾಗುವುದು, ಜ್ವರ ಬರುವುದು.

ನಿಜವಾಗಿ ತೆಗೆಯಲೇಬೇಕಾದವರು ಬೇರೆ. ತಿಂಗಳು ತುಂಬದೆ ಹುಟ್ಟಿ ಎನ್‌ಐಸಿಯುನಲ್ಲಿರುವ ಮಗುವಿನ ತಾಯಿ. ಎದೆ ಹಿಡಿಯಲು ಬಾರದ, ಇಲ್ಲವೇ ಚೀಪುತ್ತಲೇ ನಿದ್ದೆ ಹೋಗುವ ಮಗುವಿನ ತಾಯಿ. ಹಾಲು ಕಟ್ಟಿಕೊಂಡು ಎದೆ ಕಲ್ಲಿನಂತಾಗಿ, ಮಗುವಿಗೆ ತೊಟ್ಟೇ ಸಿಗದಂತಾದವರು. ಕೊನೆಗೆ, ಕೆಲಸಕ್ಕೆ ಹೋಗುವವರು. ಈ ನಾಲ್ವರಿಗೂ ಒಂದೇ ಪಂಪ್, ಒಂದೇ ಡಬ್ಬಿ ಹೇಳುವುದು ಅಂಗಡಿಯವನಿಗೆ ಮಾತ್ರ ಅನುಕೂಲ.

ಮೊದಲ ಮೂರು ದಿನ: ಕೈಗೆ ಸಾಟಿ ಇಲ್ಲ

ಹೆರಿಗೆಯಾದ ಮೊದಲೆರಡು ದಿನ ಬರುವುದು ಹಳದಿ ಬಣ್ಣದ, ಜೇನಿನಂತೆ ಅಂಟುವ ಗಿಣ್ಣು ಹಾಲು. ಅದೂ ಹನಿಹನಿಯಾಗಿ. ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಸಾಕಾಗುವುದು ಒಂದೆರಡು ಟೀ ಚಮಚದಷ್ಟೇ. ಇಷ್ಟು ಕಡಿಮೆ, ಇಷ್ಟು ಗಟ್ಟಿ ಹಾಲನ್ನು ಪಂಪ್ ಎಳೆದರೆ ಅರ್ಧ ಭಾಗ ಕೊಳವೆಯ ಗೋಡೆಗೇ ಅಂಟಿಕೊಳ್ಳುತ್ತದೆ. ಬಾಟಲಿಯ ತಳ ಒಣಗಿದ್ದು ನೋಡಿ 'ನನಗೆ ಹಾಲೇ ಇಲ್ಲ' ಎಂದು ಅಳುವ ಬಾಣಂತಿಯರು ಎಷ್ಟೋ ಜನ. ಕೈಯಿಂದ ಚಮಚಕ್ಕೆ ಹಿಂಡಿದರೆ ಅದೇ ಹನಿಗಳು ಕಣ್ಣಿಗೆ ಕಾಣುತ್ತವೆ, ಮಗುವಿನ ಬಾಯಿಗೂ ಹೋಗುತ್ತವೆ.

ವಿಧಾನ ಸುಲಭ, ಆದರೆ ಯಾರಾದರೂ ಒಮ್ಮೆ ತೋರಿಸಬೇಕು. ಕೈ ತೊಳೆದು, ಆರಾಮಾಗಿ ಕೂತು, ಬೆಚ್ಚಗಿನ ಬಟ್ಟೆ ಇಟ್ಟು ಎದೆಯನ್ನು ಮೆಲ್ಲಗೆ ನೀವಿಕೊಳ್ಳಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ. ಎರಡೂ ತೊಟ್ಟಿನಿಂದ ಸುಮಾರು ಮೂರು ಸೆಂಟಿಮೀಟರ್ ಹಿಂದೆ, ಕಪ್ಪು ಭಾಗದ ಅಂಚಿನ ಹತ್ತಿರ ಇರಲಿ. ಮೊದಲು ಪಕ್ಕೆಲುಬಿನ ಕಡೆಗೆ ಒಳಕ್ಕೆ ಒತ್ತಿ, ಆಮೇಲೆ ಎರಡೂ ಬೆರಳು ಒಂದನ್ನೊಂದು ಮುಟ್ಟುವಂತೆ ಅದುಮಿ, ಬಿಡಿ. ಒತ್ತು, ಅದುಮು, ಬಿಡು. ಬೆರಳು ಚರ್ಮದ ಮೇಲೆ ಜಾರಬಾರದು. ತೊಟ್ಟನ್ನೇ ಹಿಡಿದು ಎಳೆದರೆ ಹಾಲು ಬರುವುದಿಲ್ಲ, ನೋವು ಮಾತ್ರ ಬರುತ್ತದೆ. ಮೊದಲ ನಿಮಿಷ ಏನೂ ಬಾರದಿದ್ದರೆ ನಿಲ್ಲಿಸಬೇಡಿ. ಹನಿ ಶುರುವಾಗಿ, ಆಮೇಲೆ ಚಿಮ್ಮುತ್ತದೆ. ನಾಲ್ಕೈದು ನಿಮಿಷಕ್ಕೊಮ್ಮೆ ಪಕ್ಕ ಬದಲಿಸಿ, ಬೆರಳಿನ ಜಾಗವನ್ನೂ ಗಡಿಯಾರದ ಮುಳ್ಳಿನ ಹಾಗೆ ಸುತ್ತ ಸರಿಸುತ್ತಾ ಹೋಗಿ. ಒಟ್ಟು ಇಪ್ಪತ್ತು–ಮೂವತ್ತು ನಿಮಿಷ ಹಿಡಿಯುತ್ತದೆ.

ಕೈಯ ದೊಡ್ಡ ಗುಣವೆಂದರೆ ಖರ್ಚಿಲ್ಲ, ಕರೆಂಟ್ ಬೇಡ, ಕುದಿಸಬೇಕಾದ ಬಿಡಿಭಾಗವಿಲ್ಲ. ಎದೆ ಕಟ್ಟಿಕೊಂಡಾಗಲೂ ಇದೇ ಮೊದಲ ಮದ್ದು: ಮಗು ತೊಟ್ಟು ಹಿಡಿಯುವಷ್ಟು ಮೆತ್ತಗಾಗುವವರೆಗೆ ಸ್ವಲ್ಪ ಹಿಂಡಿ, ಆಮೇಲೆ ಮಗುವನ್ನು ಹಚ್ಚುವುದು. ಪೂರ್ತಿ ಖಾಲಿ ಮಾಡಲು ಹೊರಡಬಾರದು. ಒಂದು ಕಡೆ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಮಾತ್ರ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಪಂಪುಗಳ ಪೈಕಿ

ಒಂದನ್ನು ಮೊದಲೇ ಪಕ್ಕಕ್ಕಿಡೋಣ. ಮೆಡಿಕಲ್ ಸ್ಟೋರಿನಲ್ಲಿ ಅಗ್ಗಕ್ಕೆ ಸಿಗುವ, ಸೈಕಲ್ ಹಾರನ್ನಿನ ಹಾಗೆ ರಬ್ಬರ್ ಉಂಡೆ ಇರುವ ಪಂಪು. ಹಾಲು ಆ ಉಂಡೆಯೊಳಗೆ ಹೋಗುತ್ತದೆ, ಅದನ್ನು ಎಷ್ಟು ತೊಳೆದರೂ ಒಳಗೆ ಸ್ವಚ್ಛವಾಗುವುದಿಲ್ಲ. ಎಳೆತವೂ ಹಿಡಿತಕ್ಕೆ ಸಿಗದೆ ತೊಟ್ಟು ಬಿರಿಯುತ್ತದೆ. ಯಾರಾದರೂ ಉಡುಗೊರೆ ಕೊಟ್ಟರೂ ಬಳಸಬೇಡಿ.

ಹಿಡಿಯನ್ನು ಒತ್ತಿ ಬಿಡುವ ಮ್ಯಾನುಯಲ್ ಪಂಪು ಸಾವಿರ ರೂಪಾಯಿ ಆಸುಪಾಸಿನಿಂದ ಸಿಗುತ್ತದೆ. ವಾರಕ್ಕೆ ಎರಡು–ಮೂರು ಸಲ, ಮದುವೆಗೋ ಬ್ಯಾಂಕಿಗೋ ಹೋಗಿಬರಬೇಕಾದ ತಾಯಿಗೆ ಇದು ಧಾರಾಳವಾಗಿ ಸಾಕು. ಸದ್ದಿಲ್ಲ, ಚಾರ್ಜಿಂಗ್ ಇಲ್ಲ. ದಿನಾ ಮೂರು ಸಲ ಆಫೀಸಿನಲ್ಲಿ ತೆಗೆಯಬೇಕೆಂದರೆ ಮಣಿಕಟ್ಟು ಸೋತುಹೋಗುತ್ತದೆ. ಬಾಣಂತನದಲ್ಲಿ ಮಣಿಕಟ್ಟು ಮೊದಲೇ ನೋಯುತ್ತಿರುತ್ತದೆ.

ಒಂದು ಕಡೆಯ ಎಲೆಕ್ಟ್ರಿಕ್ ಪಂಪಿಗೂ ಎರಡೂ ಕಡೆ ಒಟ್ಟಿಗೆ ಎಳೆಯುವ ಡಬಲ್ ಪಂಪಿಗೂ ವ್ಯತ್ಯಾಸ ಸಮಯದ್ದು. ಒಂದು ಕಡೆಯದರಲ್ಲಿ ಅರ್ಧ ಗಂಟೆ ಹಿಡಿಯುವ ಕೆಲಸ ಡಬಲ್‌ನಲ್ಲಿ ಕಾಲು ಗಂಟೆಗೆ ಮುಗಿಯುತ್ತದೆ. ಊಟದ ಬಿಡುವು ಅರ್ಧ ಗಂಟೆ ಇರುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಕೆಲಸಕ್ಕೆ ಹೋಗುವವರು ದುಡ್ಡು ಹಾಕುವುದಾದರೆ ಡಬಲ್‌ಗೇ ಹಾಕಿ ಎನ್ನುತ್ತೇನೆ. ಬ್ರಾ ಒಳಗೆ ಸಿಕ್ಕಿಸಿಕೊಂಡು ಓಡಾಡುವ ಪಂಪುಗಳು ಬಂದಿವೆ. ಆಕರ್ಷಕ, ಒಪ್ಪುತ್ತೇನೆ. ಆದರೆ ಅವುಗಳ ಬಿಡಿಭಾಗ ಹೆಚ್ಚು, ತೊಳೆಯುವ ರಗಳೆ ಹೆಚ್ಚು, ಬಗ್ಗಿದರೆ ಹಾಲು ಚೆಲ್ಲುವುದೂ ಉಂಟು. ಹಾಲು ಚೆನ್ನಾಗಿ ಕುದುರಿದ ಮೇಲೆ, ಎರಡನೆಯ ಪಂಪಾಗಿ ಸರಿ. ಹಾಲು ಇನ್ನೂ ಕುದುರಿಸಬೇಕಾದ ಹೊತ್ತಿನಲ್ಲಿ ಅದನ್ನೇ ನಂಬಿ ಕೂರಬೇಡಿ.

ಎನ್‌ಐಸಿಯು ತಾಯಂದಿರ ಲೆಕ್ಕ ಬೇರೆ. ಮಗು ಎದೆಗೆ ಬರುತ್ತಿಲ್ಲವಾದ್ದರಿಂದ ಹಾಲು ಹೆಚ್ಚಲು ಇರುವ ಒಂದೇ ದಾರಿ ಪದೇಪದೇ ತೆಗೆಯುವುದು: ಹೆರಿಗೆಯಾದ ಆರು ಗಂಟೆಯೊಳಗೆ, ಸಾಧ್ಯವಾದರೆ ಮೊದಲ ಗಂಟೆಯಲ್ಲೇ ಶುರುಮಾಡಿ, ದಿನಕ್ಕೆ ಎಂಟರಿಂದ ಹತ್ತು ಸಲ. ರಾತ್ರಿಯದ್ದನ್ನು ತಪ್ಪಿಸುವ ಹಾಗಿಲ್ಲ. ಹಾಲು ಉತ್ಪತ್ತಿಯ ಹಾರ್ಮೋನು ಪ್ರೊಲ್ಯಾಕ್ಟಿನ್ ಏರುವುದು ರಾತ್ರಿಯಲ್ಲಿ. ಇವರಿಗೆ ಆಸ್ಪತ್ರೆ ದರ್ಜೆಯ ಪಂಪೇ ಬೇಕು, ಆದರೆ ಕೊಳ್ಳಬೇಕಾಗಿಲ್ಲ. ಕೆಲವು ಆಸ್ಪತ್ರೆಗಳಲ್ಲೇ ಇರುತ್ತದೆ, ಬೆಂಗಳೂರಿನಂಥ ಊರಲ್ಲಿ ಬಾಡಿಗೆಗೂ ಸಿಗುತ್ತದೆ. ಮೊದಲ ದಿನಗಳಲ್ಲಿ ಕೈ, ಮೂರನೆಯ ದಿನದಿಂದ ಪಂಪು, ಪಂಪ್ ಓಡುತ್ತಿರುವಾಗ ಕೈಯಿಂದ ನೀವುವುದು, ಕೊನೆಗೆ ಮತ್ತೆ ಕೈಯಿಂದ ಹಿಂಡುವುದು: ಬರೀ ಪಂಪಿಗಿಂತ ಈ ಜೋಡಿ ಹೆಚ್ಚು ಹಾಲು ಕೊಡುತ್ತದೆ.

ಯಾವ ಪಂಪಾದರೂ ಎರಡು ಸಂಗತಿ ನೋಡಿ. ಒಂದು, ಎದೆಗೆ ಕೂರುವ ಆಲಿಕೆಯ ಅಳತೆ. ಪೆಟ್ಟಿಗೆಯಲ್ಲಿ ಹೆಚ್ಚಾಗಿ 24 ಮಿಲಿಮೀಟರಿನದು ಬರುತ್ತದೆ, ಅದು ಎಲ್ಲರಿಗೂ ಹೊಂದುವುದಿಲ್ಲ. ತೊಟ್ಟು ಮಾತ್ರ ಒಳಗೆ ಸಲೀಸಾಗಿ ಹೋಗಿಬರಬೇಕು. ಸುತ್ತಲಿನ ಕಪ್ಪು ಭಾಗವೂ ಎಳೆದುಕೊಂಡು ಹೋದರೆ ದೊಡ್ಡದಾಯಿತು, ತೊಟ್ಟು ಗೋಡೆಗೆ ಉಜ್ಜಿ ಬಿಳಿಚಿಕೊಂಡರೆ ಚಿಕ್ಕದಾಯಿತು. ಹಾಲು ಬರುತ್ತಿಲ್ಲವೆಂದು ಪಂಪು ಬದಲಿಸುವ ಮೊದಲು ಬರೀ ಈ ಆಲಿಕೆ ಬದಲಿಸಿ ನೋಡಿ. ಎರಡನೆಯದು, ಹಾಲು ಮೋಟರಿನ ಕೊಳವೆಗೆ ಹೋಗದಂತೆ ತಡೆ ಇರುವ 'ಕ್ಲೋಸ್ಡ್ ಸಿಸ್ಟಮ್' ಹೌದೇ ಎಂಬುದು. ತಡೆ ಇಲ್ಲದ ಪಂಪಿನೊಳಗೆ ಬೂಷ್ಟು ಬೆಳೆದರೂ ಕಾಣುವುದಿಲ್ಲ. ಅಕ್ಕ ಬಳಸಿದ ಪಂಪನ್ನು ತಂಗಿ ತೆಗೆದುಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ.

ಯಾವ ಪಾತ್ರೆಯಲ್ಲಿ

ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಕಡಿಮೆ. ಕೈಯಿಂದ ಹಿಂಡಲು ಅಗಲ ಬಾಯಿಯ ಸ್ಟೀಲ್ ಬಟ್ಟಲಿನಷ್ಟು ಅನುಕೂಲ ಇನ್ನೊಂದಿಲ್ಲ. ಕುದಿಸಿದರೆ ಆಯಿತು. ಫ್ರಿಜ್ಜಿನಲ್ಲಿಡಲು ಮುಚ್ಚಳ ಬಿಗಿಯಾದ ಗಾಜಿನ ಬಾಟಲಿ ಅಥವಾ ಆಹಾರಕ್ಕೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್ ಬಾಟಲಿ. ಫ್ರೀಜರಿಗೆ ಎದೆಹಾಲಿನದೇ ಪ್ಯಾಕೆಟ್‌ಗಳು ಜಾಗ ಉಳಿಸುತ್ತವೆ, ಒಂದೇ ಸಲದ ಬಳಕೆಯಾದ್ದರಿಂದ ಖರ್ಚು ಬೆಳೆಯುತ್ತಾ ಹೋಗುತ್ತದೆ. ಅಡುಗೆಮನೆಯ ಮಾಮೂಲಿ ಪ್ಲಾಸ್ಟಿಕ್ ಕವರ್ ಮಾತ್ರ ಬೇಡ. ಹೆಪ್ಪುಗಟ್ಟುವಾಗ ಹಾಲು ಉಬ್ಬುತ್ತದೆ, ಮೇಲೆ ಒಂದಿಂಚು ಖಾಲಿ ಬಿಡಿ. ಒಂದರಲ್ಲಿ 60 ಮಿಲಿಲೀಟರಿಗಿಂತ ಹೆಚ್ಚು ತುಂಬಬೇಡಿ. ಎಳೆಗೂಸು ಅರ್ಧ ಕುಡಿದು ಬಿಟ್ಟರೆ ಉಳಿದದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಅಷ್ಟು ಕಷ್ಟಪಟ್ಟು ತೆಗೆದ ಹಾಲನ್ನು ಸಿಂಕಿಗೆ ಸುರಿಯುವಾಗ ಆಗುವ ಸಂಕಟ ಸುರಿದವರಿಗೇ ಗೊತ್ತು. ತಾರೀಖು, ಹೊತ್ತು ಎರಡನ್ನೂ ಬರೆದು ಅಂಟಿಸಿ.

ತೊಳೆಯುವುದು ಸೋಪಿನ ಬಿಸಿನೀರಿನಲ್ಲಿ, ಪ್ರತಿ ಸಲ. ಮಗುವಿಗೆ ಎರಡು ತಿಂಗಳಾಗುವವರೆಗೆ, ತಿಂಗಳು ತುಂಬದ ಮಗುವಾದರೆ ಅದಕ್ಕಿಂತಲೂ ಹೆಚ್ಚು ದಿನ, ದಿನಕ್ಕೊಮ್ಮೆಯಾದರೂ ಐದರಿಂದ ಹತ್ತು ನಿಮಿಷ ಕುದಿಸಿ. ಸೀರೆ ಸೆರಗಿನಲ್ಲಿ ಒರೆಸಬೇಡಿ, ಹಾಗೇ ಬೋರಲು ಹಾಕಿ ಆರಲು ಬಿಡಿ.

ಎಲ್ಲಿ, ಎಷ್ಟು ಹೊತ್ತು

ಬಾಣಂತಿಯರು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಫ್ರಿಜ್ಜಿನಲ್ಲಿ ನಾಲ್ಕು ದಿನ ಎನ್ನುತ್ತದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಎಂಟು ದಿನ ಎನ್ನುತ್ತದೆ. ನಮ್ಮ ಆಸ್ಪತ್ರೆಯ ಸಿಸ್ಟರ್ 'ಇಪ್ಪತ್ನಾಲ್ಕು ಗಂಟೆ ಕಣಮ್ಮ, ಅದಕ್ಕಿಂತ ಬೇಡ' ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ವಿದೇಶದ ಅಂಕಿಗಳು ಸದಾ 4 ಡಿಗ್ರಿಯಲ್ಲಿರುವ ಫ್ರಿಜ್ಜಿಗೆ, ಆರೋಗ್ಯವಂತ ಮಗುವಿಗೆ. ಆಸ್ಪತ್ರೆಯ ಮಾತು ಒಂದೂವರೆ ಕಿಲೋ ತೂಗುವ ಮಗುವನ್ನು ಕಣ್ಣೆದುರು ಇಟ್ಟುಕೊಂಡು ಆಡಿದ್ದು. ಮಗು ಎನ್‌ಐಸಿಯುನಲ್ಲಿದ್ದರೆ ಅವರು ಹೇಳಿದ್ದೇ ಕೊನೆ. ಮನೆಯ ಆರೋಗ್ಯವಂತ ಮಗುವಿಗೆ ನಾಲ್ಕು ದಿನವೆಂಬ ಮಿತಿ ಇದ್ದರೂ ನಾನು ಎರಡು ದಿನಕ್ಕೇ ನಿಲ್ಲಿಸಿ ಎನ್ನುತ್ತೇನೆ: ನೀರಿಗೆ, ಮೊಸರಿಗೆ, ಕೊತ್ತಂಬರಿಗೆ ಎಂದು ದಿನವಿಡೀ ತೆರೆಯುವ ಫ್ರಿಜ್ಜು ನಮ್ಮದು, ಮೇಲಿಂದ ಕರೆಂಟ್ ಹೋಗುತ್ತಿರುತ್ತದೆ. ಬಾಗಿಲಿನ ಗೂಡಿನಲ್ಲಂತೂ ಹಾಲಿಡಲೇಬೇಡಿ. ನಡುವಿನ ಹಲಗೆಯ ಹಿಂಬದಿ ತಣ್ಣಗಿರುತ್ತದೆ.

ಹೊರಗಿಡುವ ವಿಷಯಕ್ಕೆ ಬಂದರೆ, ನಾಲ್ಕು ಗಂಟೆ ಎಂಬ ಲೆಕ್ಕ 25 ಡಿಗ್ರಿಯ ಕೋಣೆಗೆ. ಡಿಸೆಂಬರಿನ ಮಡಿಕೇರಿಗೆ, ಬೆಂಗಳೂರಿನ ಮಳೆಗಾಲಕ್ಕೆ ಅದು ಸರಿ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ತವರಿಗೆ ಬಂದ ಬಾಣಂತಿ ಆ ಲೆಕ್ಕ ನಂಬಿ ಹಾಲನ್ನು ಕಪಾಟಿನಲ್ಲಿಟ್ಟರೆ ಕಷ್ಟ. ಅಲ್ಲಿ ತೆಗೆದ ಕೂಡಲೇ ಕುಡಿಸಿ, ಇಲ್ಲವೇ ಕೂಡಲೇ ಫ್ರಿಜ್ಜಿಗಿಡಿ. ಫ್ರಿಜ್ ಇಲ್ಲದ ಮನೆಯಾದರೆ ಕೂಡಿಡುವ ಯೋಚನೆಯನ್ನೇ ಬಿಟ್ಟು, ಹೊತ್ತು ಹೊತ್ತಿಗೆ ಕೈಯಿಂದ ಹಿಂಡಿ ಕೊಡುವುದೇ ಕ್ಷೇಮ. ಪ್ರಯಾಣಕ್ಕೆ ಐಸ್ ಪ್ಯಾಕ್ ಇರುವ ಕೂಲರ್ ಬ್ಯಾಗು 24 ಗಂಟೆ ತಡೆಯುತ್ತದೆ, ಐಸ್ ಗಟ್ಟಿಯಾಗಿರುವವರೆಗೆ ಎಂದು ಸೇರಿಸಿಕೊಳ್ಳಿ.

ಫ್ರೀಜರಿನಲ್ಲೂ ಎರಡು ಬಗೆ. ಸಿಂಗಲ್ ಡೋರ್ ಫ್ರಿಜ್ಜಿನೊಳಗಿನ ಐಸ್ ಪೆಟ್ಟಿಗೆಯಲ್ಲಿ ಎರಡು ವಾರ, ಅಷ್ಟೇ. ಬೇರೆಯದೇ ಬಾಗಿಲಿರುವ, ಮೈನಸ್ 18 ಡಿಗ್ರಿಗೆ ಇಳಿಯುವ ಫ್ರೀಜರಿನಲ್ಲಿ ಮೂರು ತಿಂಗಳು ನಿಶ್ಚಿಂತೆ, ಆರು ತಿಂಗಳವರೆಗೂ ಆಗುತ್ತದೆ. ಹಾಗಾಗಿ ಸಿಂಗಲ್ ಡೋರ್ ಇರುವವರು ತಿಂಗಳುಗಟ್ಟಲೆ ದಾಸ್ತಾನು ಮಾಡುವ ಲೆಕ್ಕ ಹಾಕಬೇಡಿ. ಕರೆಂಟ್ ಹೋಗಿ ಬಂದ ಮೇಲೆ ಪ್ಯಾಕೆಟ್ ಮುಟ್ಟಿ ನೋಡಿ: ಒಳಗೆ ಇನ್ನೂ ಮಂಜಿನ ಹರಳು ಇದ್ದರೆ ಅದು ಹೆಪ್ಪುಗಟ್ಟಿದ ಹಾಲೇ, ಹಾಗೇ ಬಿಡಬಹುದು. ಪೂರ್ತಿ ನೀರಾಗಿದ್ದರೆ ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ.

ಕರಗಿಸುವುದು ರಾತ್ರಿಯೇ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿಟ್ಟು, ಅಥವಾ ಬೆಚ್ಚಗಿನ ನೀರಿನ ಪಾತ್ರೆಯಲ್ಲಿಟ್ಟು. ಪೂರ್ತಿ ಕರಗಿದ ಮೇಲೆ ಫ್ರಿಜ್ಜಿನಲ್ಲಿ 24 ಗಂಟೆ, ಹೊರಗೆ ಒಂದೆರಡು ಗಂಟೆ ಮಾತ್ರ. ಹಸುವಿನ ಹಾಲಿನ ಹಾಗೆ ಒಲೆಯ ಮೇಲಿಟ್ಟು ಉಕ್ಕಿಸುವುದು ಬೇಡ, ಮೈಕ್ರೊವೇವ್ ಕೂಡ ಬೇಡ. ಅದರಲ್ಲಿ ಹಾಲು ಒಂದೆಡೆ ತಣ್ಣಗಿದ್ದು ಇನ್ನೊಂದೆಡೆ ನಾಲಿಗೆ ಸುಡುವಷ್ಟು ಕಾದಿರುತ್ತದೆ. ಮೇಲೆ ಕೆನೆ, ಕೆಳಗೆ ನೀಲಿ ಛಾಯೆಯ ನೀರು ಕಂಡರೆ ಹಾಲು ಒಡೆದಿದೆ ಎಂದು ಅತ್ತೆಯವರು ಚೆಲ್ಲಿಬಿಡುವುದುಂಟು. ಒಡೆದಿಲ್ಲ. ಮೆಲ್ಲಗೆ ಸುತ್ತಿಸಿದರೆ ಬೆರೆಯುತ್ತದೆ. ಕೆಲವರ ಹಾಲು ಫ್ರೀಜರಿನಿಂದ ತೆಗೆದಾಗ ಸೋಪಿನ ವಾಸನೆ ಬರುತ್ತದೆ. ಅದರಲ್ಲಿರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದದ್ದರಿಂದ ಹಾಗೆ, ಮಗುವಿಗೆ ತೊಂದರೆಯಿಲ್ಲ. ಮಗು ಮುಖ ತಿರುಗಿಸಿದರೆ ಮಾತ್ರ ದಾಸ್ತಾನು ಬಿಟ್ಟು ತಾಜಾ ಕೊಡಿ.

ಒಳಲೆ, ಚಮಚ, ಬಾಟಲಿ

ನನ್ನ ಮತ ಒಳಲೆಗೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲಿಗೆ. ತವರಿನವರು ಕೊಡುವ ಬೆಳ್ಳಿಯದ್ದಾಗಲಿ, ಪಾತ್ರೆ ಅಂಗಡಿಯ ಸ್ಟೀಲಿನದಾಗಲಿ, ಮೂಲೆ ಸಂದಿ ಇಲ್ಲದ ಒಂದೇ ತುಂಡು, ಕುದಿಸಿದರೆ ಮುಗಿಯಿತು. ಎನ್‌ಐಸಿಯುಗಳಲ್ಲೂ ಎಳೆಗೂಸುಗಳಿಗೆ ಇದರಲ್ಲೇ ಕುಡಿಸುತ್ತಾರೆ. ಮೊದಲ ಮೂರು–ನಾಲ್ಕು ವಾರ, ಮಗು ಎದೆ ಹಿಡಿಯುವುದನ್ನು ಕಲಿಯುವವರೆಗೆ, ಬಾಟಲಿಯ ನಿಪ್ಪಲ್ ದೂರ ಇಡುವುದು ಒಳ್ಳೆಯದು. ಹಾಲೂಡಿಸುವ ಬಾಟಲಿಗಳ ಜಾಹೀರಾತನ್ನೇ ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಆದರೆ ಕುಡಿಸುವ ಹಳೆಯ ಪದ್ಧತಿ ಬಿಡಬೇಕು. ಕಾಲು ಚಾಚಿ ಮಗುವನ್ನು ಅಂಗಾತ ಮಲಗಿಸಿ ಒಳಲೆಯಿಂದ ಗಂಟಲಿಗೆ ಸುರಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲೆ ಅರ್ಧ ಕೂತಂತೆ ಹಿಡಿದು, ಕತ್ತಿಗೆ ಕೈ ಆಸರೆ ಕೊಡಿ. ಒಳಲೆಯ ಮೂತಿ ಕೆಳತುಟಿಯ ಅಂಚಿಗೆ ತಾಗಲಿ, ಹಾಲು ತುಟಿ ಮುಟ್ಟುವಷ್ಟು ಬಗ್ಗಿಸಿ ಕಾಯಿರಿ. ಮಗು ನಾಲಿಗೆ ಚಾಚಿ ತಾನೇ ಎಳೆದುಕೊಳ್ಳುತ್ತದೆ. ನುಂಗಿದ್ದು ಕಂಡ ಮೇಲೆ ಮುಂದಿನ ಗುಟುಕು. ಸ್ವಲ್ಪ ಗಲ್ಲದ ಮೇಲೆ ಇಳಿಯುತ್ತದೆ, ಇಳಿಯಲಿ. ಕೆಲಸಕ್ಕೆ ಹೋಗುವ ತಾಯಿಯ ಮಗುವನ್ನು ಅಜ್ಜಿ ನೋಡಿಕೊಳ್ಳುವುದಾದರೆ ಅವರ ಕೈಗೂ ಇದನ್ನು ಒಂದು ವಾರ ಮುಂಚೆಯೇ ಕಲಿಸಿ. ಬಾಟಲಿಯೇ ಅನಿವಾರ್ಯವಾದರೆ ತಿಂಗಳಾದ ಮೇಲೆ, ನಿಧಾನ ಹರಿವಿನ ನಿಪ್ಪಲ್ ಹಾಕಿ.

ಕೆಲಸಕ್ಕೆ ಹೊರಟವರಿಗೆ

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ 26 ವಾರದ ಸಂಬಳಸಹಿತ ರಜೆ ಬಂತು, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಾಯಿತು, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರುವ ಹಕ್ಕೂ ಬಂತು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ಎರಡು ಬಿಡುವು ಮೊದಲಿನಿಂದಲೂ ಇದೆ. ಕೇಂದ್ರ ಹತ್ತಿರವಿದ್ದರೆ ಪಂಪಿನ ಗೊಡವೆಯೇ ಬೇಡ, ಹೋಗಿ ಎದೆಗೇ ಹಚ್ಚಿ. ಇಲ್ಲದಿದ್ದರೆ ಮೂರು ಗಂಟೆಗೊಮ್ಮೆ ತೆಗೆಯಬೇಕು. ಟಾಯ್ಲೆಟ್ಟಿನಲ್ಲಿ ಕೂತು ತೆಗೆಯಿರಿ ಎನ್ನುವವರಿಗೆ, ನಿಮ್ಮ ಊಟದ ಡಬ್ಬಿ ಅಲ್ಲೇ ತೆರೆಯುತ್ತೀರಾ ಎಂದು ಕೇಳಿ. ಬೀಗ ಇರುವ ಒಂದು ಕೋಣೆ, ಒಂದು ಕುರ್ಚಿ, ಒಂದು ಪ್ಲಗ್: ಎಚ್‌ಆರ್‌ಗೆ ರಜೆ ಮುಗಿಯುವ ಮೊದಲೇ ಬರೆದು ಕೇಳಿ. ದಾಸ್ತಾನು ಶುರುಮಾಡಲು ಕೆಲಸಕ್ಕೆ ಎರಡು–ಮೂರು ವಾರ ಮುಂಚೆ ಸಾಕು, ಬೆಳಗಿನ ಮೊದಲ ಹಾಲೂಡಿಕೆಯಾದ ಮೇಲೆ ದಿನಕ್ಕೊಮ್ಮೆ. ಮೊದಲ ದಿನಕ್ಕೆ ಬೇಕಾದಷ್ಟು ಮನೆಯಲ್ಲಿರಬೇಕು. ಆಮೇಲೆ ಇವತ್ತು ಆಫೀಸಿನಲ್ಲಿ ತೆಗೆದದ್ದು ನಾಳೆಗೆ.

ತನ್ನ ಹಾಲು ಸಾಲದಾದಾಗ

ತೀರಾ ಕಡಿಮೆ ತೂಕದ ಮಗುವಿಗೆ ಅಮ್ಮನ ಹಾಲು ಸಾಲದಿದ್ದರೆ ಪುಡಿಹಾಲಿಗಿಂತ ಮೊದಲು ಕೇಳಬೇಕಾದದ್ದು ಎದೆಹಾಲು ಬ್ಯಾಂಕಿನ ಹಾಲು. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಏಷ್ಯಾದ ಮೊದಲ ಬ್ಯಾಂಕ್ ಶುರುವಾಯಿತು. ಬೆಂಗಳೂರಿನ ಸರ್ಕಾರಿ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಿಂದ 'ಅಮೃತಧಾರೆ' ಇದೆ. ಕೊಡುವ ತಾಯಿಯ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ರೋಗಾಣು ಇಲ್ಲವೆಂದು ನೋಡಿಯೇ ಮಕ್ಕಳಿಗೆ ಕೊಡುತ್ತಾರೆ. ಎದೆಹಾಲನ್ನು ಮಾರುವಂತಿಲ್ಲವೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2024ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ, ಹಾಗಾಗಿ ಆನ್‌ಲೈನ್‌ನಲ್ಲಿ ಯಾರಾದರೂ ಬೆಲೆ ಹೇಳಿದರೆ ದೂರವಿರಿ. ಮನೆಯಲ್ಲೇ ಹಾಲೂಡಿಸುತ್ತಿರುವ ಅತ್ತಿಗೆಯೋ ಚಿಕ್ಕಮ್ಮನೋ 'ನಾನು ಕೊಡುತ್ತೇನೆ' ಎಂದು ಪ್ರೀತಿಯಿಂದ ಮುಂದೆ ಬಂದರೂ, ಅವರ ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಯ ವರದಿ ಮತ್ತು ಅವರು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನು ಮಕ್ಕಳ ಡಾಕ್ಟರಿಗೆ ತೋರಿಸಿದ ಮೇಲೆಯೇ ಮಗುವಿಗೆ ಕೊಡಿ.